ಗಾಡಿ ಗುರು ಮತ್ತು ಕ್ರೂಸ್ ಸ್ವಿಚ್ಚು

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದು ಹಾಸಿಗೆಯ ಜಾಹೀರಾತು.

ಆ ವಾರಪತ್ರಿಕೆಯ ಹದಿನಾಲ್ಕನೆಯ ಪುಟದಲ್ಲಿ ‘ಗಾಡಿ ಗುರು’ ಎಂಬ ಅಂಕಣ ಬರುತ್ತಿತ್ತು. ಆ ವಾರದ ವಿಷಯ, ಕಾರಿನ ಕ್ರೂಸ್ ಕಂಟ್ರೋಲ್ ಸ್ವಿಚ್ಚು ಹೇಗೆ ಕೆಲಸ ಮಾಡುತ್ತದೆ ಎಂಬುದು. ಗುರು ಅಚ್ಚುಕಟ್ಟಾಗಿಯೇ ಬರೆದಿದ್ದ. ಸ್ಟೀರಿಂಗಿನ ಮೇಲೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಸ್ವಿಚ್ಚಿರುತ್ತದೆ. ವೇಗ ನಲವತ್ತು ದಾಟಿದ ಮೇಲೆ ಅದನ್ನು ಒತ್ತಿದರೆ ಹಸಿರು ದೀಪ ಹತ್ತುತ್ತದೆ. ಅಲ್ಲಿಂದ ಮುಂದೆ ಕಾಲು ತೆಗೆದರೂ ಗಾಡಿ ಅದೇ ವೇಗವನ್ನು ಹಿಡಿದುಕೊಂಡು ಹೋಗುತ್ತದೆ, ಏರಿನಲ್ಲಿ ತಾನೇ ದಮ್ಮು ಕಟ್ಟುತ್ತದೆ, ಇಳಿಜಾರಿನಲ್ಲಿ ತಾನೇ ಸಡಿಲ ಬಿಡುತ್ತದೆ. ಕೊನೆಯಲ್ಲಿ ನಾಲ್ಕು ಸಾಲಿನ ಎಚ್ಚರಿಕೆಯೂ ಇತ್ತು. ಸ್ಟೀರಿಂಗನ್ನು ನೀವೇ ಹಿಡಿದಿರಬೇಕು, ತಿರುವು ಬಂದರೆ ನೀವೇ ನೋಡಿಕೊಳ್ಳಬೇಕು, ಬ್ರೇಕ್ ಮುಟ್ಟಿದ ತಕ್ಷಣ ಇದೆಲ್ಲ ರದ್ದಾಗುತ್ತದೆ, ಇದು ಕಾಲಿನ ಕೆಲಸ ಮಾಡುತ್ತದೆಯೇ ಹೊರತು ತಲೆಯ ಕೆಲಸವನ್ನಲ್ಲ, ಎಂದು.

ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಹಾಸಿಗೆ ಜಾಹೀರಾತು ಬಂತು. ಸಂಪಾದಕರು ನಾಲ್ಕು ಸಾಲಿಗೆ ಕತ್ತರಿ ಹಾಕಿದರು. ಹಾಗಾಗಿ ಲೇಖನ ಮುಗಿದದ್ದು, “ಮಿಕ್ಕಿದ್ದನ್ನೆಲ್ಲ ಗಾಡಿಯೇ ನೋಡಿಕೊಳ್ಳುತ್ತದೆ” ಎಂಬ ವಾಕ್ಯದಲ್ಲಿ. ಅದರ ಕೆಳಗೆ ಒಬ್ಬ ಬಾಯಿ ಬಿಟ್ಟುಕೊಂಡು ಗಡದ್ದಾಗಿ ನಿದ್ದೆ ಹೊಡೆಯುತ್ತಿರುವ ಚಿತ್ರ.

ಇನ್ನು ಗುರುವಿನ ವಿಚಾರ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವನು ಆ ಪತ್ರಿಕೆಯಲ್ಲಿ ಕರಡು ತಿದ್ದುವವನು. ಹಿಂದಿನ ಅಂಕಣಕಾರರು ಮುನಿಸಿಕೊಂಡು ಬಿಟ್ಟುಹೋದಾಗ ಸಂಪಾದಕರು ಇಡೀ ಕಚೇರಿಯನ್ನು ಒಮ್ಮೆ ನೋಡಿ, “ಕಾರಿನ ಕೈಪಿಡಿಯ ಕರಡು ತಿದ್ದಿದ್ದು ನೀನೇ ತಾನೇ? ಹಾಗಾದರೆ ನೀನೇ ಬರಿ” ಅಂದಿದ್ದರು. ಕೈಪಿಡಿಯನ್ನು ಅವನು ಮೂರು ಸಲ ತಿದ್ದಿದ್ದು ನಿಜ. ಅದರ ಇನ್ನೂರ ಹತ್ತು ಪುಟಗಳೂ ಅಲ್ಪವಿರಾಮಗಳ ಸಮೇತ ಅವನಿಗೆ ಬಾಯಿಪಾಠ. ಆದರೆ ಕಾರಿನೊಳಗೆ ಅವನು ಕೂತದ್ದು ಒಟ್ಟು ಆರೋ ಏಳೋ ಸಲ, ಅದೂ ಹಿಂದಿನ ಸೀಟಿನಲ್ಲಿ, ಯಾರದೋ ತೊಡೆಯ ಮೇಲೆ ಯಾರದೋ ಚೀಲ ಹಿಡಿದುಕೊಂಡು. ಎರಡು ವರ್ಷದಿಂದ ಗುಟ್ಟು ಗುಟ್ಟಾಗಿಯೇ ಉಳಿದಿತ್ತು.

ಪತ್ರಿಕೆ ಬಂದ ದಿನ ಬೆಳಿಗ್ಗೆ ಫೋನು ಬಡಿದುಕೊಂಡಿತು. ಸಂಪಾದಕರು.

“ಪತ್ರಿಕೆ ಯಜಮಾನರು ನಿನ್ನ ಲೇಖನ ಓದಿದಾರೆ. ಭಾರೀ ಖುಷಿಯಲ್ಲಿದ್ದಾರೆ. ಅವರ ಕಾರಿನಲ್ಲೂ ಆ ಸ್ವಿಚ್ಚಿದೆಯಂತೆ. ನೀನೇ ಬಂದು ತೋರಿಸಬೇಕಂತೆ. ಈಗಲೇ ಹೊರಡು.”

“ಸಾರ್, ನನಗೆ ಓಡಿಸೋಕೆ ಬರಲ್ಲ ಅಂತ ನಿಮಗೆ ಗೊತ್ತಲ್ಲ.”

“ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ನಿನ್ನ ಕೆಲಸ ಖಾಯಂ ಮಾಡೋ ಕಾಗದ ಅವರ ಮೇಜಿನ ಮೇಲಿದೆ, ಸಹಿ ಒಂದು ಬಾಕಿ. ಅದೂ ಜ್ಞಾಪಕ ಇರಲಿ.”

ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. “ನೋಡ್ರೀ, ಬರಲ್ಲ ಅಂತ ಹೇಳಿಬಿಡಿ. ಅದರಲ್ಲೇನು ಅವಮಾನ? ಅಡುಗೆ ಬರದೇ ಇರೋರು ಊಟ ಮಾಡಲ್ವಾ?”

“ಊಟ ಮಾಡೋದು ಬೇರೆ ಕಣೇ. ನಾನು ಎರಡು ವರ್ಷದಿಂದ ಬಡಿಸ್ತಾ ಇದೀನಿ” ಎಂದು ಗುರು ಚಪ್ಪಲಿ ಮೆಟ್ಟಿಕೊಂಡ.

ಯಜಮಾನರ ಮನೆಯ ಮುಂದೆ ಕಾರು ಹೊಳೆಯುತ್ತ ನಿಂತಿತ್ತು. ಪಕ್ಕದಲ್ಲಿ ಬಟ್ಟೆ ಹಿಡಿದುಕೊಂಡು ಡ್ರೈವರ್. ಐವತ್ತು ದಾಟಿದ ಮನುಷ್ಯ, ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿರುವವನು. ಗುರುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಗಾಡಿ ಗುರು ಅಂದ್ರೆ ತಾವೇನಾ ಸಾರ್?” ಎಂದ.

“ಹೌದು.”

“ಈ ತಿಂಗಳ ಕೊನೆಗೆ ನನ್ನನ್ನ ಬಿಡಿಸ್ತಾರಂತೆ. ಇನ್ನು ಗಾಡಿ ತಾನೇ ಓಡುತ್ತಂತೆ, ಸ್ಟೀರಿಂಗ್ ಹಿಡ್ಕೊಂಡು ಕೂರೋಕೆ ತೋಟದ ಮಾಲಿ ಸಾಕಂತೆ. ತಾವು ಬರೆದಿದ್ದೀರಂತೆ.”

ಕೋಪವಿಲ್ಲದೆ, ಹವೆಯ ಸಮಾಚಾರ ಹೇಳುವವನಂತೆ ಹೇಳಿದ. “ನಾಲ್ಕು ಸಾಲು ಬಿಟ್ಟುಹೋಗಿದೆ” ಎಂದು ಗುರು ಶುರು ಮಾಡುವಷ್ಟರಲ್ಲಿ ಯಜಮಾನರು ಮೆಟ್ಟಿಲಿಳಿದು ಬಂದರು. ಧಡೂತಿ ಆಳು. ಅವರ ದನಿ ಅವರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿತ್ತು. ಹಿಂದೆಯೇ ಸಂಪಾದಕರು, ಮುಖದ ತುಂಬ ವಿನಯ.

“ಬನ್ನಿ ಗುರುಗಳೇ. ಈ ಮಹಾಶಯ ಏನಂತಾನೆ ಗೊತ್ತಾ? ಸ್ವಿಚ್ಚು ಕೆಲಸ ಮಾಡಲ್ಲ ಅಂತಾನೆ. ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳ್ತಿದಾನೆ. ಇವತ್ತು ನಿಮ್ಮ ಮುಂದೆ ಬಯಲಾಗಲಿ.”

“ಎರಡು ದಿನದಿಂದ ಬ್ಯಾಟರಿನೂ ಸರಿಯಿಲ್ಲ ಬುದ್ಧಿ, ಬೆಳಿಗ್ಗೆ ಎಬ್ಬಿಸೋಕೆ ತಳ್ಳಬೇಕು” ಎಂದ ಡ್ರೈವರ್.

“ನೋಡಿದ್ರಾ, ಇನ್ನೊಂದು ನೆಪ.”

ನಾಲ್ವರೂ ಹೊರಟರು. ಡ್ರೈವರ್ ಪಕ್ಕದಲ್ಲಿ ಯಜಮಾನರು, ಹಿಂದೆ ಗುರು ಮತ್ತು ಸಂಪಾದಕರು. ಊರ ಹೊರಗಿನ ಹೆದ್ದಾರಿ ಸಿಕ್ಕಿದ್ದೇ ಡ್ರೈವರ್ ಕಾರನ್ನು ಬಿಟ್ಟ ಬಾಣದಂತೆ ಓಡಿಸಿದ. ಯಜಮಾನರು “ಹೊತ್ತಾಯ್ತು, ಹೊತ್ತಾಯ್ತು” ಎನ್ನುತ್ತ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಪಾಪ, ಆಯಾಸವಿರಬೇಕು ಅಂದುಕೊಂಡ ಗುರು. ಹಿಂದಿನಿಂದ ಬರುವ ಗಾಡಿಯವರೆಲ್ಲ ಹಾರ್ನ್ ಹೊಡೆದು, ಪಕ್ಕದಲ್ಲಿ ಹಾದುಹೋಗುವಾಗ ಕೈ ಬೀಸಿ ಏನೋ ಬೈದು ಹೋಗುತ್ತಿದ್ದರು.

“ಎಪ್ಪತ್ತರಲ್ಲಿದೆ ಬುದ್ಧಿ. ಈಗ ಒತ್ತುತೀನಿ, ನೋಡಿ.” ಒತ್ತಿದ. ಹಸಿರು ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಇಲ್ಲ. ಕಾಲು ತೆಗೆದ, ಕಾರಿನ ವೇಗ ಮುನಿಸಿಕೊಂಡವರ ಮಾತಿನಂತೆ ಮೆಲ್ಲಗೆ ಇಳಿಯಿತು.

ಯಜಮಾನರು ಕಣ್ಣು ತೆರೆದರು. “ಸರಿಯಾಗಿ ಒತ್ತಿಲ್ಲ ನೀನು. ನಿಲ್ಲಿಸು. ಹಿಂದೆ ಹೋಗಿ ಕೂತ್ಕೋ. ಗುರುಗಳೇ, ನೀವು ಬನ್ನಿ.”

ಗುರು ಸಂಪಾದಕರ ಮುಖ ನೋಡಿದ. ಸಂಪಾದಕರು ಕಿಟಕಿಯಾಚೆ ಏನೋ ಅಪರೂಪದ ಹಕ್ಕಿ ಕಂಡವರಂತೆ ಅತ್ತ ತಿರುಗಿದ್ದರು.

ಸೀಟಿನಲ್ಲಿ ಕೂತ ಗುರು ಮೊದಲು ಸೀಟನ್ನು ಹಿಂದಕ್ಕೆ ಸರಿಸಿದ. ಆಮೇಲೆ ಮುಂದಕ್ಕೆ. ಕನ್ನಡಿಯನ್ನು ತಿರುಗಿಸಿ ತನ್ನ ಮುಖವನ್ನೇ ನೋಡಿಕೊಂಡ. ಬೆಲ್ಟು ಹುಡುಕಿದ. ಎಡಗಡೆ ಹುಡುಕಿದ, ಅದು ಯಜಮಾನರದ್ದು. ಹಿಂದಿನ ಸೀಟಿನಲ್ಲಿ ಡ್ರೈವರ್ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ವಿಷಯ ತಿಳಿಯಲು ಆ ಮನುಷ್ಯನಿಗೆ ಅಷ್ಟೇ ಸಾಕಾಗಿತ್ತು.

ಗುರು ಕೀಲಿ ತಿರುಗಿಸಿದ. ಕಾರು ಕಪ್ಪೆಯಂತೆ ಒಂದು ಸಲ ಕುಪ್ಪಳಿಸಿ ಸತ್ತುಹೋಯಿತು. ಮತ್ತೆ ತಿರುಗಿಸಿದ. ಮತ್ತೆ ಕುಪ್ಪಳಿಸಿತು.

“ಹೊಸ ಕೈ ಅಂತ ಕಾರಿಗೆ ಸಂಕೋಚ” ಎಂದು ಸಂಪಾದಕರು ಹಿಂದಿನಿಂದ ಸಮಾಧಾನ ಹೇಳಿದರು.

ಆಗ ಡ್ರೈವರ್ ಇದ್ದಕ್ಕಿದ್ದಂತೆ ಸಂಪಾದಕರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕತೆ ಶುರು ಮಾಡಿದ. “ನಮ್ಮ ಚಿಕ್ಕಪ್ಪ ಒಬ್ಬ ಇದ್ದ ಸಾರ್. ಗಾಡಿ ತೆಗೆಯೋ ಮುಂಚೆ ಏನು ಮಾಡೋನು ಅಂತೀರಿ? ಎಡಗಾಲಿನ ಪೆಡಲನ್ನ ಪೂರ್ತಿ ಒಳಗೆ ಅಮುಕೋನು. ಪೂರ್ತಿ.”

ಗುರು ಅಮುಕಿದ.

“ಈಗ ಯಾಕಯ್ಯಾ ಚಿಕ್ಕಪ್ಪನ ಕತೆ?” ಎಂದರು ಯಜಮಾನರು.

“ಆಮೇಲೆ ಕೀಲಿ ತಿರುಗಿಸೋನು. ಗೇರನ್ನ ಎಡಕ್ಕೆ ಎಳೆದು ಮೇಲಕ್ಕೆ ತಳ್ಳೋನು. ಬಲಗಾಲಲ್ಲಿ ಚೂರೇ ಚೂರು ಎಣ್ಣೆ ಕೊಡೋನು. ಆಮೇಲೆ ಎಡಗಾಲನ್ನ, ಮಲಗಿರೋ ಮಗೂನ ಪಕ್ಕದಿಂದ ಏಳ್ತೀವಲ್ಲ, ಹಾಗೆ ಮೆತ್ತಗೆ ಬಿಡೋನು.”

“ಆಮೇಲೆ ಏನಾಯ್ತು?” ಎಂದರು ಸಂಪಾದಕರು. ನಿಜಕ್ಕೂ ಕುತೂಹಲ ಹುಟ್ಟಿತ್ತು.

ಆಮೇಲೆ ಕಾರು ಹೊರಟಿತು. ಗುರುವಿಗೆ ತನ್ನ ಕಣ್ಣನ್ನು ತಾನೇ ನಂಬಲಾಗಲಿಲ್ಲ. ಮರಗಳು ಹಿಂದಕ್ಕೆ ಹೋಗುತ್ತಿದ್ದವು, ಅಂದರೆ ತಾನು ಮುಂದಕ್ಕೆ ಹೋಗುತ್ತಿರಬೇಕು. ಮುಳ್ಳು ಹನ್ನೆರಡಕ್ಕೆ ಬಂತು. ಚಿಕ್ಕಪ್ಪ ಎರಡನೆಯ ಗೇರಿಗೆ ಬಂದಾಗ ಗುರುವೂ ಬಂದ. ಹದಿನೆಂಟು. ಎಂಜಿನ್ನು ಹಲ್ಲುನೋವು ಬಂದವರಂತೆ ನರಳುತ್ತಿತ್ತು. ಬೆನ್ನ ಹಿಂದೆ ಎರಡು ಬಸ್ಸು, ಹಾಲಿನ ಟ್ಯಾಂಕರು, ಲೆಕ್ಕವಿಲ್ಲದಷ್ಟು ಸ್ಕೂಟರು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು.

“ಸ್ವಿಚ್ಚು ಒತ್ತಿ” ಎಂದರು ಯಜಮಾನರು. ವಿಚಿತ್ರವೆಂದರೆ ಅವರ ದನಿ ಇಳಿದಿತ್ತು.

“ನಲವತ್ತಾಗೋವರೆಗೆ ಹಿಡಿಯಲ್ಲ ಸಾರ್. ಪುಟ ನೂರ ಹನ್ನೆರಡು.”

“ಪರವಾಗಿಲ್ಲ, ನಿಧಾನ ಹೋಗಿ” ಎಂದು ಅವರು ಕಿಟಕಿಯಾಚೆ ನೋಡುತ್ತ ಕೂತರು. ಗುರುವಿಗೆ ನಲವತ್ತು ಎಂಬುದು ದೂರದ ಬೆಟ್ಟದಂತೆ ಕಾಣುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು.

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಂದು ಮೋಟರ್ ಸೈಕಲ್ ಬಂದು ಕಾರಿಗೆ ಅಡ್ಡ ನಿಂತಿತು. ಟ್ರಾಫಿಕ್ ಪೊಲೀಸು.

“ನಮ್ಮ ಚಿಕ್ಕಪ್ಪ ನಿಲ್ಲಿಸೋದಾದ್ರೆ ಎಡಗಾಲಿನ ಪೆಡಲನ್ನೂ ಮಧ್ಯದ ಪೆಡಲನ್ನೂ ಒಟ್ಟಿಗೇ ಒತ್ತೋನು” ಎಂದು ಡ್ರೈವರ್ ಒಂದೇ ಉಸಿರಿಗೆ ಹೇಳಿದ. ಮೋಟರ್ ಸೈಕಲ್ಲಿಗೆ ಒಂದು ಮೊಳ ಬಾಕಿ ಇರುವಾಗ ಕಾರು ನಿಂತಿತು.

ಪೊಲೀಸಿನವರು ಕಿಟಕಿಯ ಹತ್ತಿರ ಬಗ್ಗಿದರು. “ಏನ್ರೀ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸ್ತೀರಾ? ಮೂರು ಕಿಲೋಮೀಟರಿಂದ ನೋಡ್ತಾ ಇದೀನಿ. ಹಿಂದಿನ ಕೆಂಪು ದೀಪ ಒಂದು ಸಲನೂ ಆರಿಲ್ಲ. ಹಿಂದಿರೋರು ನೀವು ನಿಲ್ಲಿಸ್ತೀರಿ ಅನ್ಕೋಬೇಕೋ, ಹೋಗ್ತೀರಿ ಅನ್ಕೋಬೇಕೋ?”

“ನಾನು ಬ್ರೇಕ್ ಮುಟ್ಟೇ ಇಲ್ಲ ಸಾರ್. ಎಲ್ಲಿದೆ ಅಂತ ಗೊತ್ತಾಗಿದ್ದೇ ಈಗ” ಎಂದ ಗುರು. ಹಾಗೆ ಹೇಳುವಾಗಲೇ ಅವನ ತಲೆಯಲ್ಲಿ ಕೈಪಿಡಿಯ ಒಂದು ಪುಟ ತಾನಾಗಿ ತೆರೆದುಕೊಂಡಿತು. ಪುಟ ನೂರ ಹದಿಮೂರು, ಎರಡನೆಯ ಪ್ಯಾರಾ. ಅಲ್ಲಿ ‘ಬ್ರೇಕ್’ ಎಂಬುದು ‘ಬೇಕ್’ ಎಂದು ಅಚ್ಚಾಗಿತ್ತು, ಅವನೇ ತಿದ್ದಿದ್ದ.

“ಒಂದು ನಿಮಿಷ” ಎಂದು ಅವನು ಕಾರಿನಿಂದ ಇಳಿದು, ತಲೆಯನ್ನು ಸ್ಟೀರಿಂಗಿನ ಕೆಳಗೆ ತೂರಿಸಿದ. ಕಾಲು ಎರಡೂ ರಸ್ತೆಯಲ್ಲಿ. ಒಳಗಿನಿಂದ ಮಾತು ಬಂತು. “ಬ್ರೇಕ್ ಪೆಡಲಿನ ಮೇಲುಗಡೆ ಒಂದು ಪುಟ್ಟ ಸ್ವಿಚ್ಚಿರುತ್ತೆ. ಹಿಂದಿನ ಕೆಂಪು ದೀಪ ಹತ್ತಿಸೋದೂ ಅದೇ, ಕ್ರೂಸನ್ನ ರದ್ದು ಮಾಡೋದೂ ಅದೇ. ಬ್ರೇಕ್ ಮುಟ್ಟದೇ ಇರುವಾಗ ಪೆಡಲಿನ ಕಂಬಿಯಲ್ಲಿರೋ ರಬ್ಬರ್ ಗುಂಡಿ ಅದನ್ನ ಒತ್ತಿಕೊಂಡಿರಬೇಕು. ಇಲ್ಲಿ ಅದು ಪುಡಿಪುಡಿಯಾಗಿ ಕೆಳಗೆ ಬಿದ್ದಿದೆ. ಹಾಗಾಗಿ ಗಾಡಿ ಏನು ತಿಳ್ಕೊಂಡಿದೆ ಅಂದ್ರೆ, ಯಾರೋ ಹಗಲೂ ರಾತ್ರಿ ಬ್ರೇಕ್ ಒತ್ತಿಕೊಂಡೇ ಇದಾರೆ ಅಂತ. ಬ್ರೇಕ್ ಒತ್ತಿರುವಾಗ ಕ್ರೂಸ್ ಹೇಗೆ ಹಿಡಿಯುತ್ತೆ? ದೀಪ ರಾತ್ರಿಯೆಲ್ಲ ಉರಿದರೆ ಬ್ಯಾಟರಿ ಹೇಗೆ ಉಳಿಯುತ್ತೆ? ಡ್ರೈವರ್ ಹೇಳಿದ್ದು ಅಕ್ಷರಶಃ ನಿಜ.”

ಜೇಬಿನಲ್ಲಿ ಕರಡು ತಿದ್ದುವವನ ಆಸ್ತಿ ಒಂದು ಅಳಿಸುವ ರಬ್ಬರಿತ್ತು. ಅದರ ಮೂಲೆಯನ್ನು ಹಲ್ಲಿನಲ್ಲೇ ಕಚ್ಚಿ ತೆಗೆದು ಕಂಬಿಯ ತೂತಿಗೆ ಗಿಡಿದ. ಹಿಂದೆ ನಿಂತಿದ್ದ ಪೊಲೀಸಿನವರು, “ಆರಿತು ಕಣ್ರೀ” ಎಂದು ಕೂಗಿದರು.

ಡ್ರೈವರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಯಜಮಾನರ ಎದೆ ಉಬ್ಬಿತು. “ಗೊತ್ತಾಯ್ತಾ ಇವರು ಯಾರು ಅಂತ? ಗಾಡಿ ಗುರು.”

“ಅಯ್ಯೋ, ನೀವೇನಾ?” ಪೊಲೀಸಿನವರ ಮುಖ ಅರಳಿತು. “ಠಾಣೆಯಲ್ಲಿ ಎಲ್ಲಾರೂ ಓದ್ತೀವಿ ಸಾರ್. ಒಂದು ಸಲ ಲೈಸೆನ್ಸ್ ಕೊಡಿ, ನಿಜವಾದ ಹೆಸರು ನೋಡೋಣ.”

ಗುರು ಎದ್ದು ನಿಂತ. ಮೊಣಕಾಲಿಗೆ ಧೂಳು, ಮೂಗಿಗೆ ಗ್ರೀಸು. ಸುಳ್ಳು ಹೇಳಬಹುದಿತ್ತು, ಮನೆಯಲ್ಲಿ ಬಿಟ್ಟು ಬಂದೆ ಎಂದರೆ ಆ ಪೊಲೀಸಪ್ಪ ನಕ್ಕು ಬಿಡುತ್ತಿದ್ದ. ಆದರೆ ಹಿಂದಿನ ಸೀಟಿನಲ್ಲಿ ಕೂತಿದ್ದ ಮನುಷ್ಯ, ತನ್ನ ಅನ್ನಕ್ಕೆ ಕಲ್ಲು ಹಾಕಿದವನ ಮಾನ ಕಾಯಲು ಇಲ್ಲದ ಚಿಕ್ಕಪ್ಪನನ್ನು ಹುಟ್ಟಿಸಿದ್ದ.

“ನನ್ನ ಹತ್ರ ಲೈಸೆನ್ಸ್ ಇಲ್ಲ ಸಾರ್. ನನಗೆ ಕಾರು ಓಡಿಸೋಕೆ ಬರಲ್ಲ. ಜೀವಮಾನದಲ್ಲಿ ಇವತ್ತೇ ಮೊದಲು. ಹಿಂದಿನಿಂದ ಇವರು ಹೇಳಿಕೊಟ್ಟರು, ನಾನು ಒತ್ತಿದೆ. ಯಜಮಾನರೇ, ಗಾಡಿ ತಾನೇ ಓಡಲ್ಲ. ಎಷ್ಟು ಸ್ವಿಚ್ಚಿದ್ದರೂ ಓಡಿಸೋಕೆ ಮನುಷ್ಯ ಬೇಕು. ನನ್ನನ್ನ ಏನು ಬೇಕಾದರೂ ಮಾಡಿ, ಇವರನ್ನ ಕೆಲಸದಿಂದ ತೆಗೀಬೇಡಿ.”

ಯಜಮಾನರು ಗುರುವನ್ನೂ ಖಾಲಿ ಸ್ಟೀರಿಂಗನ್ನೂ ಒಂದಾದ ಮೇಲೊಂದು ನೋಡಿದರು.

ಪೊಲೀಸಿನವರು ಬೇಸರದಿಂದ ಚೀಟಿ ಪುಸ್ತಕ ತೆಗೆದರು. “ಬರೀಲೇಬೇಕು ಸಾರ್, ಬೇಜಾರು ಮಾಡ್ಕೋಬೇಡಿ.” ಬರೆದು ಕೊಟ್ಟದ್ದನ್ನು ಗುರು ನೋಡಿದ. ಅಭ್ಯಾಸಬಲ, ಪೆನ್ನು ತೆಗೆದು ‘ಚಲನಾ ಪರವಾನಗಿ’ ಎಂದಿದ್ದದ್ದನ್ನು ‘ಚಾಲನಾ ಪರವಾನಗಿ’ ಎಂದು ತಿದ್ದಿ ವಾಪಸ್ಸು ಕೊಟ್ಟ.

“ಸರಿ, ಈಗ ಗಾಡಿ ಯಾರು ತೊಗೊಂಡು ಹೋಗ್ತೀರಿ? ಡ್ರೈವರ್, ನಿಮ್ಮ ಲೈಸೆನ್ಸ್?”

ಡ್ರೈವರ್ ತಲೆ ಕೆರೆದುಕೊಂಡ. “ಇದೆ ಸಾರ್. ಅವಧಿ ಮುಗಿದು ಹನ್ನೊಂದು ವರ್ಷ ಆಯ್ತು. ಗಾಜಿನ ಮೇಲೆ ಪತ್ರಿಕೆ ಅಂತ ಬರೆದಿದೆಯಲ್ಲ, ಎಲ್ಲಾರೂ ಸಲ್ಯೂಟ್ ಹೊಡೆದು ಬಿಡೋರು. ಕೇಳಿದ್ದು ನೀವೇ ಮೊದಲು.”

ಇನ್ನೊಂದು ಚೀಟಿ ಹರಿಯಿತು. “ಯಜಮಾನರೇ, ನಿಮ್ಮದು?”

ಯಜಮಾನರು ಇಲ್ಲವೆಂದು ತಲೆಯಾಡಿಸಿದರು. ಎಲ್ಲರೂ ಮೆಲ್ಲಗೆ ಸಂಪಾದಕರ ಕಡೆ ತಿರುಗಿದರು. ಸಂಪಾದಕರು ಬಹಳ ಹೊತ್ತು ಮತ್ತೆ ಆ ಹಕ್ಕಿಯನ್ನು ಹುಡುಕಿ, ಕೊನೆಗೆ ಪರ್ಸಿನ ಒಳಜೇಬಿನಿಂದ ಒಂದು ಕಾರ್ಡು ತೆಗೆದರು. ಚಾಲ್ತಿಯಲ್ಲಿರುವ, ಗರಿಗರಿಯಾದ ಲೈಸೆನ್ಸು.

“ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಯಜಮಾನರ ದನಿ ಮತ್ತೆ ಏರಿತು.

“ಹೇಳಿದ್ದರೆ ಓಡಿಸು ಅಂತಿದ್ರಿ.”

ಸಂಪಾದಕರು ಸ್ಟೀರಿಂಗ್ ಹಿಡಿದರು. ಭಾನುವಾರಕ್ಕೊಮ್ಮೆ ಭಾವಮೈದುನನ ಕಾರು ಓಡಿಸಿ ರೂಢಿಯಿತ್ತಂತೆ. ಕೈ ಚೆನ್ನಾಗಿಯೇ ಇತ್ತು. ಮೂವತ್ತು, ನಲವತ್ತು, ನಲವತ್ತೈದು. ಹಿಂದಿನ ಸೀಟಿನಿಂದ ಗುರುವೂ ಡ್ರೈವರೂ ಒಟ್ಟಿಗೆ, “ಒತ್ತಿ” ಅಂದರು. ಸಂಪಾದಕರು ಹೆಬ್ಬೆರಳಿನಿಂದ ಒತ್ತಿದರು.

ಹಸಿರು ದೀಪ ಹತ್ತಿತು. ಸಂಪಾದಕರು ಕಾಲನ್ನು ಪೂರ್ತಿ ತೆಗೆದು ಪಕ್ಕಕ್ಕಿಟ್ಟರು. ಕಾರು ನಲವತ್ತೈದನ್ನು ಹಲ್ಲು ಕಚ್ಚಿ ಹಿಡಿದುಕೊಂಡು ಓಡಿತು. ಎದುರಿಗೆ ಏರು ಬಂತು. ಎಂಜಿನ್ನು ತಾನೇ ಗುರುಗುಟ್ಟಿ ಏರಿತು, ವೇಗ ಕೂದಲೆಳೆಯಷ್ಟೂ ಇಳಿಯಲಿಲ್ಲ. ಗುರುವಿಗೆ ಕಣ್ಣು ತುಂಬಿ ಬಂತು. ಎರಡು ವರ್ಷ ಬರೆದದ್ದರಲ್ಲಿ ಒಂದಾದರೂ ನಿಜವಾಗುವುದನ್ನು ಅವನು ಅದೇ ಮೊದಲು ನೋಡುತ್ತಿದ್ದ.

“ನೋಡಿದ್ರಾ ಯಜಮಾನರೇ” ಎಂದು ಹೇಳಹೊರಟ. ಯಜಮಾನರು ನೋಡುತ್ತಿರಲಿಲ್ಲ. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಾಲಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು.

“ತಿರುವು ಬಂತು ಅಂತ ಇದಕ್ಕೆ ಗೊತ್ತಾಗಲ್ವಾ?” ಎಂದರು ಕಣ್ಣು ಮುಚ್ಚಿಕೊಂಡೇ. “ನಿಲ್ಸಿ. ನಿಲ್ಲಿಸ್ರೀ ಇದನ್ನ.”

ಸಂಪಾದಕರು ಬ್ರೇಕ್ ಮುಟ್ಟಿದರು. ಹಸಿರು ದೀಪ ಆರಿತು. ಕಾರು ಒಂದು ಮರದ ನೆರಳಲ್ಲಿ ನಿಂತಿತು. ಯಜಮಾನರು ಮುಖ ಒರೆಸಿಕೊಂಡು, ಯಾರ ಕಡೆಯೂ ನೋಡದೆ ಹೇಳಿದರು: “ನನಗೆ ಸ್ಪೀಡು ಅಂದ್ರೆ ಭಯ. ಚಿಕ್ಕಂದಿನಿಂದ. ಈ ಸ್ವಿಚ್ಚು ಹಾಕಿದರೆ ಗಾಡಿ ಕಟ್ಟಿಹಾಕಿದ ಹಾಗಿರುತ್ತೆ ಅನ್ಕೊಂಡಿದ್ದೆ. ಇದು ನೋಡಿದರೆ ನಲವತ್ತರ ಕೆಳಗೆ ಬರೋದೇ ಇಲ್ಲ ಅಂತ ಹಟ ಮಾಡುತ್ತೆ.”

“ನೀವೇ ಅಲ್ವಾ ಬುದ್ಧಿ, ದಿನಾ ಹೊತ್ತಾಯ್ತು ಹೊತ್ತಾಯ್ತು ಅಂತಿದ್ದಿದ್ದು?” ಎಂದ ಡ್ರೈವರ್, ಇಪ್ಪತ್ತು ವರ್ಷದ ಬೆರಗಿನಿಂದ.

“ಬಾಯಿ ಅಂತಿತ್ತಪ್ಪ. ಹೊಟ್ಟೆ ಅಂತಿರಲಿಲ್ಲ.” ಯಜಮಾನರು ಹಿಂದಕ್ಕೆ ತಿರುಗಿದರು. “ಇವತ್ತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕಣ್ಣು ಬಿಟ್ಕೊಂಡು ಕೂತಿದ್ದೆ. ಅಂಗಡಿ ಬೋರ್ಡು ಓದಿದೆ. ದಾರಿಯಲ್ಲಿ ಒಂದು ಕೆರೆ ಇದೆ, ಗೊತ್ತಾ ನಿಮಗೆ? ನನಗೆ ಗೊತ್ತೇ ಇರಲಿಲ್ಲ. ಗುರುಗಳೇ, ನಾಳೆಯಿಂದ ನೀವೇ ನನ್ನ ಡ್ರೈವರ್.”

“ಯಜಮಾನರೇ, ನನಗೆ ಬರಲ್ಲ ಅಂತ ಹೇಳಿದೆನಲ್ಲ.”

“ಅದಕ್ಕೇ ನೀವು ಬೇಕು. ಬರೋರ ಪಕ್ಕ ಕೂತು ನೋಡಿಯಾಗಿದೆ ನಾನು.”

“ಲೈಸೆನ್ಸು?”

“ಕಲಿಯೋರ ಲೈಸೆನ್ಸ್ ಮಾಡಿಸಿ. ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು, ಅಷ್ಟೇ ತಾನೇ? ಸಂಪಾದಕರು ಕೂತ್ಕೋತಾರೆ. ಖಾಯಂ ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ, ಹುದ್ದೆ ಒಂದು ತಿದ್ದಿದರಾಯ್ತು.” ಆಮೇಲೆ ಡ್ರೈವರನ್ನು ನೋಡಿ, “ನೀನು ಕಚೇರಿಗೆ ಬಾ. ಗಾಡಿ ವಿಷಯ ಗೊತ್ತಿರೋನು ನೀನೊಬ್ಬನೇ. ಆ ಅಂಕಣ ಇನ್ನು ನಿನ್ನದು” ಎಂದರು.

ಸಂಜೆ ಯಜಮಾನರ ಮನೆಯ ಮುಂದೆ ಗುರು ಕೀಲಿ ಗೊಂಚಲು ಹಿಡಿದು, ಯಾರದೋ ಮಗುವನ್ನು ಎತ್ತಿಕೊಂಡವನಂತೆ ನಿಂತಿದ್ದ. ಹೆಂಡತಿಗೆ ಇದನ್ನು ಯಾವ ತುದಿಯಿಂದ ಹೇಳಲು ಶುರು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಡ್ರೈವರ್ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

“ಲೈಸೆನ್ಸ್ ಕಾಗದ ಕೈಗೆ ಬಂದ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಬಂದುಬಿಡಿ ಸಾರ್. ಯಜಮಾನರು ಏಳಕ್ಕೆ ಹೊರಡ್ತಾರೆ. ಅಷ್ಟರೊಳಗೆ ನಿಮಗೆ ರಿವರ್ಸ್ ಹೇಳಿಕೊಡಬೇಕು.”

“ಅಷ್ಟು ಅವಸರ ಏನು? ಮೊದಲು ಮುಂದಕ್ಕೆ ಹೋಗೋದು ಸರಿಯಾಗಿ ಕಲೀತೀನಿ.”

“ಮುಂದಕ್ಕೆ ಆಮೇಲೆ ಕಲಿತರಾಯ್ತು ಸಾರ್” ಎಂದ ಹೊಸ ಗಾಡಿ ಗುರು, ಶೆಡ್ಡಿನ ಕಡೆ ಕೈ ತೋರಿಸುತ್ತ. “ಗಾಡಿ ಮೂತಿ ಗೋಡೆ ಕಡೆಗಿದೆ.”